ನೀರಿನಲ್ಲಿ ಕರಗದುದು ಎಣ್ಣೆಯಲ್ಲಿ ಕರಗುವುದೇಕೆ?

ಹಾಸನ ತಾಲ್ಲೂಕಿನ ಸಾಲಗಾಮೆಯ ಸುತ್ತಿನ ಮನೆಗಳಲ್ಲಿ ಹಲಸಿನ ಹಣ್ಣನ್ನು ಕೊಯ್ಯುವ ಮುನ್ನ ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವುದು ವಾಡಿಕೆ. ಹಲಸಿನ ಅಂಟು ಎಷ್ಟು ನೀರು ಹೊಯ್ದರೂ ಬಿಡದು. ಎಣ್ಣೆ ಹಚ್ಚಿ ಉಜ್ಜಿದರೆ ಬಿಡುವುದು. ಉಪ್ಪಾದರೋ ಇದಕ್ಕೆ ವಿರುದ್ಧ: ನೀರಿನಲ್ಲಿ ಬೇಗನೆ ಕರಗುವ ಅದು ಎಣ್ಣೆಯಲ್ಲಿ ಹರಳಾಗಿಯೇ ಉಳಿಯುವುದು. ಇದಕ್ಕೆ ಕಾರಣವೇನು?

ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಒಂದು ಕಡೆ ತುಸು ಧನವಿದ್ಯುತ್ತೂ ಮತ್ತೊಂದು ಕಡೆ ತುಸು ಋಣವಿದ್ಯುತ್ತೂ ಇರುವುವು. ಉಪ್ಪು ಸಹ ಧನ ಋಣ ಕಣಗಳಿಂದಾದುದು. ನೀರು ಆ ಕಣಗಳನ್ನು ಸುತ್ತುವರಿದು, ಹರಳಿನಿಂದ ಬಿಡಿಸಿ, ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಎಣ್ಣೆಯ ಅಣುಗಳಲ್ಲಿ ಇಂತಹ ಸೆಳೆತ ಅತ್ಯಲ್ಪ. ಅವು ಉಪ್ಪನ್ನು ಬಿಡಿಸಲಾರವು. ಆದರೆ ತಮ್ಮ ಸ್ವಭಾವದ್ದೇ ಆದ ಅಂಟಿನೊಡನೆ ಸುಲಭವಾಗಿ ಬೆರೆಯುವುವು. ಸಮಾನವಾದುದು ಸಮಾನವಾದುದರಲ್ಲಿ ಕರಗುವುದೆಂಬುದೇ ಇದರ ಸೂತ್ರ.

ಅಡಿಗೆಮನೆಯಲ್ಲಿ ಈ ಸೂತ್ರವು ಬಹಳ ಉಪಯುಕ್ತ. ಸೊಪ್ಪಿನಲ್ಲಿರುವ ‘ಸಿ’ ಜೀವಸತ್ತ್ವವೂ ‘ಬಿ’ ಗುಂಪಿನವೂ ನೀರಿನಲ್ಲಿ ಕರಗತಕ್ಕವು. ಬೇಯಿಸಿದ ನೀರನ್ನು ಚೆಲ್ಲಿದರೆ ಅವುಗಳಲ್ಲೊಂದು ಪಾಲು ಚೆಲ್ಲಿಹೋಗುವುದು. ‘ಎ’ ಜೀವಸತ್ತ್ವಕ್ಕೆ ಮೂಲವಾದ ಕೆರೋಟಿನ್ ಕರಗುವುದು ಕೊಬ್ಬಿನಲ್ಲಿ. ಊಟದಲ್ಲಿ ಎಣ್ಣೆಯಾಗಲಿ ತುಪ್ಪವಾಗಲಿ ಇಲ್ಲದಿದ್ದರೆ ಕರುಳು ಅದನ್ನು ಸರಿಯಾಗಿ ಹೀರದು. ಈ ಸತ್ತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗುರುಡು ಬರುವುದು. ಕೊರತೆ ಬಲಿತರೆ ಕಣ್ಣೇ ಹೋಗಬಹುದು.

ನಮ್ಮ ಬಸ್ಸಾರಿನಲ್ಲಿ ಎರಡಕ್ಕೂ ಎಡೆಯುಂಟು: ಬಸಿದ ಕಟ್ಟು ಸಾರಾಗುವುದು, ಸೊಪ್ಪು ಒಗ್ಗರಣೆಯ ಪಲ್ಯವಾಗುವುದು. ಮಕ್ಕಳಿಗೆ ಸೊಪ್ಪು ಬಡಿಸುವಾಗ ಒಂದು ಚಮಚ ತುಪ್ಪವನ್ನು ಮರೆಯಬಾರದು. ಮಬ್ಬುಗತ್ತಲಲ್ಲಿ ಎಡವುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.