ಬಿಗಿದ ಕೀಲಿಗೆ ತೇವದ ಶಾಖ

ಮೂಳೆ ಮುರಿದು ವಾರಗಟ್ಟಲೆ ಪ್ಲಾಸ್ಟರಿನಲ್ಲಿದ್ದ ಕೈ, ಪಕ್ಷಾಘಾತದ ಬಳಿಕ ಬಿಗಿದುಕೊಂಡ ತೋಳು, ತಲೆ ಬಾಚಿಕೊಳ್ಳಲೂ ಮೇಲೇಳದ ಭುಜ ಇವುಗಳನ್ನು ಮತ್ತೆ ಚಲಿಸುವಂತೆ ಮಾಡುವಾಗ ಮೊದಲು ಶಾಖ ಕೊಡುವ ರೂಢಿಯಿದೆ. ಆಯುರ್ವೇದವು ಇದನ್ನು ಸ್ವೇದನವೆಂದು ಕರೆಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯವು ಇದಕ್ಕೇ ಮೀಸಲಾಗಿದ್ದು, ಅಗ್ನಿಯ ನೆರವಿನಿಂದ ಮಾಡುವ ಸ್ವೇದನದಲ್ಲಿಯೇ 13 ಬಗೆಗಳನ್ನು ಹೇಳಿದೆ. ಕಾಯಿಸಿದ ಮರಳಿನ ಗಂಟಿನದು ಒಣ ಶಾಖ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯದು ತೇವದ ಶಾಖ.

ಇಂದಿನ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಜೇಡಿಯಂತಹ ಪದಾರ್ಥ ತುಂಬಿದ ದಪ್ಪ ಬಟ್ಟೆಯ ಚೀಲಗಳನ್ನು ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಇರಿಸಿರುತ್ತಾರೆ. ಆ ಚೀಲವನ್ನು ನೇರವಾಗಿ ಮೈಮೇಲೆ ಇಡುವುದಿಲ್ಲ. ಆರೆಂಟು ಪದರ ಟವೆಲ್ ಸುತ್ತಿ 15ರಿಂದ 20 ನಿಮಿಷ ಇಡುತ್ತಾರೆ. ಈ ಕಾವು ಒಳಗಿಳಿಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು. ಆದುದರಿಂದ ಮಾಂಸದ ಆಳದಲ್ಲಿರುವ ಸೊಂಟದ ಕೀಲಿಗೆ ಅದು ತಲುಪದು. ಆದರೂ ಮೇಲಿನ ಸ್ನಾಯುಗಳ ಸೆಳೆತ ಸಡಿಲವಾಗುತ್ತದೆ, ರಕ್ತಸಂಚಾರ ಹೆಚ್ಚುತ್ತದೆ, ನೋವು ತಗ್ಗುತ್ತದೆ.

ಇಲ್ಲಿಯೇ ಬಹುಮಂದಿ ನಿಲ್ಲಿಸಿಬಿಡುತ್ತಾರೆ. ನೋವು ತಗ್ಗಿದ ಸುಖದಲ್ಲಿ ಹೊದ್ದು ಮಲಗುತ್ತಾರೆ. ಸಂಜೆಗೆ ಭುಜ ಮತ್ತೆ ಎಂದಿನಂತೆ. ಬಿದಿರನ್ನು ಬಾಗಿಸುವವರು ಕಾವು ಕೊಟ್ಟು, ಬಿಸಿಯಿರುವಾಗಲೇ ಬಾಗಿಸುತ್ತಾರೆ, ಆರಿದ ಮೇಲಲ್ಲ. ಅಂತೆಯೇ ಶಾಖ ತೆಗೆದ ಕೂಡಲೇ ವ್ಯಾಯಾಮ ಆರಂಭವಾಗಬೇಕು. ಭುಜದ ಬಿಗಿತದಲ್ಲಿ ಮುಂದಕ್ಕೆ ಬಾಗಿ ತೋಳನ್ನು ಲೋಲಕದಂತೆ ತೂಗಾಡಿಸುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಏರಿಸುವುದು ಇಷ್ಟನ್ನಾದರೂ ಮಾಡಬೇಕು. ಶಾಖವು ವ್ಯಾಯಾಮಕ್ಕೆ ಪೂರ್ವಸಿದ್ಧತೆ ಎಂಬುದೇ ನಮ್ಮ ಅಭಿಪ್ರಾಯ.

ಮನೆಯಲ್ಲಿ ಮಾಡುವುದಾದರೆ ದಪ್ಪ ಹತ್ತಿಯ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿ ಮಡಚಬೇಕು. ಶಾಖ ಕೊಡುವವರು ಅದನ್ನು ತಮ್ಮ ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಬೇಕು. ಮೈಮೇಲೆ ತೆಳುವಾದ ಒಣಬಟ್ಟೆ ಹಾಸಿ, ಅದರ ಮೇಲೆ ಇದನ್ನಿರಿಸಬೇಕು. ಕೆಲವೇ ನಿಮಿಷಗಳಲ್ಲಿ ಆರುವುದರಿಂದ ಮೂರು ನಾಲ್ಕು ಬಾರಿ ಬದಲಿಸಬೇಕಾಗುತ್ತದೆ. ಐದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ಚರ್ಮವನ್ನು ನೋಡಬೇಕು. ತಿಳಿಗೆಂಪು ಸಹಜ, ಕೆಂಪು ಬಿಳುಪಿನ ಮಚ್ಚೆಗಳು ಕಂಡರೆ ನಿಲ್ಲಿಸಬೇಕು. ಉರಿ ಬರಿಸುವ ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದು. ಶಾಖದ ಚೀಲದ ಮೇಲೆ ಮಲಗಲೂಬಾರದು, ಮೈಭಾರಕ್ಕೆ ಬಟ್ಟೆಯ ಪದರ ಅದುಮಿ ಕಾವು ಹೆಚ್ಚುತ್ತದೆ.

ಹೊಸದಾಗಿ ಉಳುಕಿ ಊದಿದ ಜಾಗಕ್ಕೆ ಮೊದಲ ಎರಡು ಮೂರು ದಿನ ಶಾಖ ಬೇಡ. ಕೆಂಪಗೆ ಊದಿ ಮುಟ್ಟಿದರೆ ಬಿಸಿಯಾಗಿರುವ ಕೀಲಿಗೂ ಬೇಡ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಶಾಖ ಕೊಡದೆ ಅಂದೇ ವೈದ್ಯರನ್ನು ಕಾಣಬೇಕು.

ನಾವು ಎಲ್ಲಕ್ಕಿಂತ ಹೆಚ್ಚು ಅಂಜುವುದು ಸ್ಪರ್ಶಜ್ಞಾನ ಕುಗ್ಗಿದ ಅಂಗಕ್ಕೆ. ಬಹುಕಾಲದ ಸಕ್ಕರೆ ಕಾಯಿಲೆಯವರ ಪಾದಗಳಿಗೂ ಪಕ್ಷಾಘಾತವಾದ ಕೈಕಾಲಿಗೂ ಬಿಸಿಯ ಅರಿವು ಇಲ್ಲದಿರಬಹುದು. ಪಾದ ಜೋಮು ಹಿಡಿದಿದೆಯೆಂದು ಮನೆಯವರು ಪ್ರೀತಿಯಿಂದಲೇ ಶಾಖ ಕೊಡುತ್ತಾರೆ. ಹಿರಿಯರು ಇನ್ನೂ ಬಿಸಿ ಇರಲಿ ಎನ್ನುತ್ತಾರೆ. ಮರುದಿನ ಬೊಬ್ಬೆ ಏಳುತ್ತದೆ. ಅದೇ ಮಾಯದ ಹುಣ್ಣಾಗಿ, ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಸ್ವೇದನಕ್ಕೆ ಯೋಗ್ಯರಲ್ಲದವರ ಪಟ್ಟಿಯಲ್ಲಿ ಚರಕರು ಮಧುಮೇಹಿಗಳನ್ನು ಸೇರಿಸಿದ್ದಾರೆ. ನಮ್ಮ ವೈದ್ಯಬಂಧುಗಳಲ್ಲಿಯೇ ಕೆಲವರು ಇದನ್ನು ಮರೆತಂತೆ ಕಾಣುತ್ತದೆ.

ಅರಿವು ಇದೆಯೋ ಇಲ್ಲವೋ ಎಂದು ತಿಳಿಯಲು ಎರಡು ಸ್ಟೀಲಿನ ಲೋಟ ಸಾಕು. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು ತುಂಬಬೇಕು. ರೋಗಿಯ ಕಣ್ಣು ಮುಚ್ಚಿಸಿ, ಒಂದಾದ ಮೇಲೊಂದನ್ನು ಆ ಅಂಗಕ್ಕೆ ತಾಗಿಸಿ ಯಾವುದು ಬಿಸಿಯೆಂದು ಕೇಳಬೇಕು. ಕ್ರಮ ಬದಲಿಸುತ್ತ ನಾಲ್ಕೈದು ಬಾರಿ ಕೇಳಬೇಕು. ಒಮ್ಮೆ ತಪ್ಪಿದರೂ ಅಲ್ಲಿ ಶಾಖ ಬೇಡ. ಬರಿಗೈಯಿಂದ ಎಣ್ಣೆ ನೀವಿ, ನಿಧಾನವಾಗಿ ವ್ಯಾಯಾಮ ಮಾಡಿಸಬಹುದು.