ನಿಮಿತ್ತವಾಗಿ ಬಂದವರು

ಭರತ ಚಕ್ರವರ್ತಿ ಮತ್ತು ಬಾಹುಬಲಿಯ ಸೇನೆಗಳು ಎದುರುಬದುರಾಗಿ ನಿಂತಾಗ ನಡುವೆ ಬಂದವರು ಎರಡೂ ಪಕ್ಷಗಳ ಮಂತ್ರಿಗಳು. ಸಹೋದರರಿಬ್ಬರೂ ಚರಮಶರೀರಿಗಳು, ಅವರಿಗೆ ಅಪಾಯವಿಲ್ಲ, ಮಡಿಯುವುದು ಸೈನಿಕರು ಮಾತ್ರ ಎಂದು ಅರಿತ ಅವರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದಲೇ ಜಯಾಪಜಯ ತೀರ್ಮಾನವಾಗಲೆಂದು ಒಪ್ಪಿಸಿದರು. ರಕ್ತಪಾತ ತಪ್ಪಿತು, ವೈರ ತಪ್ಪಲಿಲ್ಲ. ಮೂರರಲ್ಲೂ ಸೋತ ಭರತನು ಕ್ರೋಧದಿಂದ ಚಕ್ರರತ್ನವನ್ನೇ ಪ್ರಯೋಗಿಸಿದನು. ಮಂತ್ರಿಗಳ ವಿವೇಕವು ಸೇನೆಗಳನ್ನು ತಡೆಯಿತು, ಕಷಾಯವನ್ನಲ್ಲ. ಅದು ಕರಗಿದ್ದು ಗೆದ್ದವನು ರಾಜ್ಯವನ್ನೇ ತೊರೆದು ತಪಸ್ಸಿಗೆ ನಿಂತ ಮೇಲೆ, ಸೋತವನು ಬಂದು ಆ ತಪಸ್ವಿಗೆ ಎರಗಿದ ಮೇಲೆ.

ಜೈನ ಚಿಂತನೆಯಲ್ಲಿ ಕಾರ್ಯವೊಂದಕ್ಕೆ ಉಪಾದಾನ, ನಿಮಿತ್ತ ಎಂಬ ಎರಡು ಬಗೆಯ ಕಾರಣಗಳಿವೆ. ಮಡಕೆಗೆ ಮಣ್ಣು ಉಪಾದಾನ, ಕುಂಬಾರನು ನಿಮಿತ್ತ. ಯುದ್ಧದಿಂದ ಜರ್ಜರಿತವಾದ ದೇಶದಲ್ಲಿ ಹೊರಗಿನವರು ಶಾಂತಿಯನ್ನು ನೆಲೆಗೊಳಿಸಬಲ್ಲರೇ ಎಂಬ ಇಂದಿನ ಪ್ರಶ್ನೆಗೂ ಈ ವಿವೇಚನೆ ಹೊಂದುತ್ತದೆ. ಆಫ್ರಿಕಾದ ಮೊಜಾಂಬಿಕ್ ಅದಕ್ಕೆ ಒಳ್ಳೆಯ ನಿದರ್ಶನ.

1975ರಲ್ಲಿ ಪೋರ್ಚುಗಲ್‌ನಿಂದ ಸ್ವತಂತ್ರವಾದ ಆ ದೇಶದಲ್ಲಿ ಎರಡೇ ವರ್ಷಗಳಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಫ್ರೆಲಿಮೊ ಸರ್ಕಾರ ಹಾಗೂ ರೆನಾಮೊ ಬಂಡುಕೋರರ ನಡುವಿನ ಹದಿನೈದು ವರ್ಷಗಳ ಕಾದಾಟದಲ್ಲಿ ಹಸಿವೆಯೂ ಸೇರಿ ಸುಮಾರು 10 ಲಕ್ಷ ಜನರು ಅಳಿದರು. ಸಂಧಾನದ ಮುಂದಾಳತ್ವ ವಹಿಸಿದ್ದು ಯಾವ ಮಹಾಶಕ್ತಿಯೂ ಅಲ್ಲ. ರೋಮ್ ನಗರದ ಸಾಂತ್ ಎಜೀದಿಯೊ ಎಂಬ ಕ್ಯಾಥೊಲಿಕ್ ಸಮುದಾಯ. ನಮ್ಮಲ್ಲಿ ಶ್ರಾವಕರೆನ್ನುವಂತೆ ಸಂಸಾರದಲ್ಲಿದ್ದುಕೊಂಡೇ ಸೇವೆ ಮಾಡುವವರ ಬಳಗವದು. ಸೈನ್ಯವಿಲ್ಲದ ಆ ಜನರೊಂದಿಗೆ ಬೈರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್ ಅವರೂ ಇಟಲಿ ಸರ್ಕಾರದ ಪ್ರತಿನಿಧಿಯೂ ಕುಳಿತರು. 1990ರ ಜುಲೈನಲ್ಲಿ ಆರಂಭವಾದ ಮಾತುಕತೆ ಎರಡು ವರ್ಷಗಳಿಗೂ ಮೀರಿ ನಡೆದು, 1992ರ ಅಕ್ಟೋಬರ್ 4ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಅವಸರಪಡದಿದ್ದುದೇ ಅವರ ದೊಡ್ಡ ಗುಣ.

ಬಳಿಕ ವಿಶ್ವಸಂಸ್ಥೆಯ ಶಾಂತಿಪಡೆ ಬಂದಿತು. ಭಾರತದ ಯೋಧರೂ ಅದರಲ್ಲಿದ್ದರು. ಅದೇ ವರ್ಷ ಅಂಗೋಲಾದಲ್ಲಿ ಎರಡೂ ಸೇನೆಗಳ ವಿಸರ್ಜನೆ ಮುಗಿಯುವ ಮೊದಲೇ ಚುನಾವಣೆ ನಡೆದು, ಬಂಡುಕೋರರು ಫಲಿತಾಂಶವನ್ನು ಒಪ್ಪದೆ ಮತ್ತೆ ಯುದ್ಧ ಭುಗಿಲೆದ್ದಿತ್ತು. ಆ ಪಾಠದಿಂದ ಮೊಜಾಂಬಿಕ್‌ನ ಚುನಾವಣೆಯನ್ನು 1994ರ ಅಕ್ಟೋಬರ್‌ವರೆಗೆ ಮುಂದೂಡಿ, ಮೊದಲು ಎರಡೂ ಕಡೆಯ ಸೈನಿಕರನ್ನು ಬಿಡುಗಡೆ ಮಾಡಲಾಯಿತು. ಅವರಿಗೆ ಎರಡು ವರ್ಷಗಳ ಭತ್ಯೆಯೂ, ರೆನಾಮೊ ರಾಜಕೀಯ ಪಕ್ಷವಾಗಲು ವಿದೇಶೀ ನೆರವೂ ದೊರೆಯಿತು. ಇದು ಹಿಂಸೆಗೆ ಕೊಟ್ಟ ಬಹುಮಾನವಲ್ಲವೇ? ಈ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಹೊಸ ಕರ್ಮದ ಆಸ್ರವವನ್ನು ತಡೆಯುವ ಸಂವರವಿಲ್ಲದೆ ಹಳೆಯದರ ನಿರ್ಜರೆಗೆ ಅವಕಾಶವೆಲ್ಲಿ?

ನಿರ್ಜರೆಯನ್ನಾದರೋ ಬೇರೆಯವರು ಮಾಡಿಕೊಡಲಾಗದು. ಹಳ್ಳಿಗೆ ಮರಳಿದ ಸೈನಿಕರನ್ನೂ, ಬಲವಂತವಾಗಿ ಬಂದೂಕು ಹಿಡಿದಿದ್ದ ಬಾಲಕರನ್ನೂ ಹಲವೆಡೆ ಊರವರು ನೇರವಾಗಿ ಮನೆಯೊಳಕ್ಕೆ ಸೇರಿಸಲಿಲ್ಲ. ಸಾಂಪ್ರದಾಯಿಕ ವೈದ್ಯರು ಅವರಿಗೆ ಸ್ನಾನ ಮಾಡಿಸಿ, ಯುದ್ಧಕಾಲದ ಉಡುಪನ್ನು ಸುಟ್ಟು, ಶುದ್ಧೀಕರಣದ ವಿಧಿಗಳನ್ನು ನಡೆಸಿದರು. ನಮ್ಮ ಪ್ರಾಯಶ್ಚಿತ್ತದ ತತ್ತ್ವ ಬೇರೆಯಾದರೂ, ಕೊಂದ ಕೈ ಹಾಗೆಯೇ ಬಂದು ತುತ್ತು ಹಂಚಿಕೊಳ್ಳಲಾಗದೆಂಬ ಅಳುಕು ಎರಡಕ್ಕೂ ಸಮಾನ. ಅದು ಯಾವ ಒಪ್ಪಂದದ ಕಲಮಿನಲ್ಲೂ ಇರಲಿಲ್ಲ.

ರಾಜಧಾನಿಯಲ್ಲಿ ಅಂತಹ ಶುದ್ಧಿ ನಡೆಯಲಿಲ್ಲ. ಒಪ್ಪಂದದ ಬೆನ್ನಲ್ಲೇ ಎಲ್ಲರಿಗೂ ಕ್ಷಮಾದಾನ ನೀಡಲಾಯಿತು. ತಪ್ಪೊಪ್ಪಿಗೆಯನ್ನು ಯಾರೂ ಕೇಳಲಿಲ್ಲ, ಯಾರೂ ಮಾಡಲಿಲ್ಲ. ರೆನಾಮೊ ತನ್ನ ಕೆಲವು ಸಶಸ್ತ್ರರನ್ನು ಉಳಿಸಿಕೊಂಡಿತ್ತು. ಅಧಿಕಾರದ ಲೋಭವೂ ಸೋಲಿನ ಮಾನಕಷಾಯವೂ ಒಳಗೊಳಗೇ ಬೆಳೆದು 2013ರಲ್ಲಿ ಮತ್ತೆ ಗುಂಡಿನ ಸದ್ದು ಕೇಳಿತು. 2019ರಲ್ಲಿ ಇನ್ನೊಂದು ಒಪ್ಪಂದವಾಯಿತು. ರೆನಾಮೊದ ಕೊನೆಯ ನೆಲೆ ಮುಚ್ಚಿದ್ದು 2023ರ ಜೂನ್‌ನಲ್ಲಿ. ರೋಮ್‌ನಲ್ಲಿ ಸಹಿ ಬಿದ್ದು ಆಗಲೇ ಮೂವತ್ತು ವರ್ಷಗಳು ಕಳೆದಿದ್ದವು.