ಕಂಪ್ಯೂಟರ್ ಕೆಟ್ಟರೆ ಹೊಸದು ತರಬಹುದು, ಲೆಕ್ಕ ಅಳಿಸಿಹೋದರೆ?

ಹಿಂದೆ ಅಂಗಡಿಯ ಲೆಕ್ಕವೆಂದರೆ ದಪ್ಪ ರಟ್ಟಿನ ಪುಸ್ತಕ. ರಾತ್ರಿ ಬಾಗಿಲು ಹಾಕುವ ಮೊದಲು ಅದು ಕಪಾಟಿನೊಳಗೆ ಸೇರುತ್ತಿತ್ತು, ಕಪಾಟಿಗೆ ಬೀಗ ಬೀಳುತ್ತಿತ್ತು. ಇಂದು ಬೇಕರಿ, ಹಾರ್ಡ್‌ವೇರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಕೇಟರಿಂಗ್ ನಡೆಸುವವರು ಎಲ್ಲರ ಲೆಕ್ಕವೂ ಕಂಪ್ಯೂಟರಿನೊಳಗೆ ಸೇರಿದೆ. ಪುಸ್ತಕ ಹೋಯಿತು, ಅದರ ಜೊತೆಗೆ ಬೀಗ ಹಾಕುವ ಅಭ್ಯಾಸವೂ ಹೋಯಿತು.

ನಮ್ಮ ಪರಿಚಯದ ಅಂಗಡಿ ಮಾಲೀಕರೊಬ್ಬರು ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಯಾವ ಫೈಲೂ ತೆರೆಯಲಿಲ್ಲ. ಪ್ರತಿಯೊಂದು ಫೈಲಿನ ಹೆಸರಿಗೂ ಅರ್ಥವಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಪರದೆಯ ಮೇಲೆ ಹಣ ಕೇಳುವ ಪತ್ರವಿತ್ತು. 'ಬ್ಯಾಕಪ್ ಇದೆಯಲ್ಲ' ಎಂಬ ಧೈರ್ಯ ಅವರಿಗಿತ್ತು. ಆದರೆ ಬ್ಯಾಕಪ್ ಇದ್ದ ಪೆನ್‌ಡ್ರೈವ್ ಹಗಲೂ ರಾತ್ರಿಯೂ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು. ಅದರಲ್ಲಿದ್ದ ಪ್ರತಿಗಳೂ ಹಾಗೆಯೇ ಹಾಳಾಗಿದ್ದವು. ಯಾರು ಎಷ್ಟು ಬಾಕಿ ಕೊಡಬೇಕು ಎಂಬುದನ್ನು ಅವರು ಹಳೆಯ ಬಿಲ್ಲುಗಳಿಂದಲೂ ನೆನಪಿನಿಂದಲೂ ತಿಂಗಳುಗಟ್ಟಲೆ ಹೊಸದಾಗಿ ಬರೆಯಬೇಕಾಯಿತು. ನೆನಪಿಗೆ ಬಾರದ ಬಾಕಿ ಹೋದದ್ದು ಹೋಯಿತು.

ಇದಕ್ಕೆ ಕಾರಣವಾದ ತಂತ್ರಾಂಶಕ್ಕೆ 'ರ‍್ಯಾನ್ಸಮ್‌ವೇರ್' ಎನ್ನುತ್ತಾರೆ. ಅದು ಫೈಲುಗಳನ್ನು ಕದ್ದೊಯ್ಯಬೇಕೆಂದಿಲ್ಲ. ಇದ್ದಲ್ಲಿಯೇ ಬೀಗ ಹಾಕಿ, ಕೀಲಿಗೆ ಹಣ ಕೇಳುತ್ತದೆ. 2017ರ ಮೇ 12ರಂದು ಹರಡಿದ 'ವನ್ನಾಕ್ರೈ' ಇಂಥದ್ದೇ. ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಅದು ತಗುಲಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳ ಕೆಲಸವೂ ನಿಂತುಹೋಯಿತು. ಆದರೆ ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಸಕಾಲದಲ್ಲಿ ಅದನ್ನು ಹಾಕಿಕೊಂಡವರ ಯಂತ್ರಗಳಿಗೆ ಆ ಬಿರುಕಿನ ಮೂಲಕ ಅದು ನುಗ್ಗಲಾಗಲಿಲ್ಲ. ಎರಡು ತಿಂಗಳು ಉದಾಸೀನ ಮಾಡಿದವರು ಸಿಕ್ಕಿಬಿದ್ದರು.

ಹಾಗಾದರೆ ಸಣ್ಣ ವ್ಯಾಪಾರಸ್ಥರು ಏನು ಮಾಡಬೇಕು? ನಾವು ಇಲ್ಲಿ ಹೇಳುವ ಹೆಚ್ಚಿನ ಕೆಲಸಗಳಿಗೆ ದೊಡ್ಡ ಖರ್ಚಿಲ್ಲ.

1. ಬ್ಯಾಕಪ್ ಕಂಪ್ಯೂಟರಿನಿಂದ ದೂರವಿರಲಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತಿಳಿದವರು ಹೇಳುವ ಸರಳ ಸೂತ್ರ 3-2-1: ಲೆಕ್ಕದ ಮೂರು ಪ್ರತಿಗಳು, ಎರಡು ಬೇರೆ ಬೇರೆ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಪ್ರತಿ ಅಂಗಡಿಯಿಂದ ಹೊರಗೆ. ಕಂಪ್ಯೂಟರಿನಲ್ಲಿರುವುದು ಒಂದು. ಬಾಹ್ಯ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು. ಮನೆಯಲ್ಲಿಟ್ಟ ಪೆನ್‌ಡ್ರೈವಿನಲ್ಲಿ ಅಥವಾ ಗೂಗಲ್ ಡ್ರೈವ್‌ನಂತಹ ಕಡೆ ಮೂರನೆಯದು.

ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಗಳಲ್ಲಿ ಬ್ಯಾಕಪ್ ತೆಗೆಯುವ ಸೌಲಭ್ಯ ಅದರೊಳಗೇ ಇದೆ. ದಿನದ ವಹಿವಾಟು ಮುಗಿದ ಮೇಲೆ ಡಿಸ್ಕ್ ಚುಚ್ಚಿ, ಪ್ರತಿ ತೆಗೆದು, ಮತ್ತೆ ಕಳಚಿಡಿ. ಕಳಚಿಡುವುದೇ ಇಲ್ಲಿಯ ಗುಟ್ಟು. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ನಮ್ಮ ಕರಾವಳಿಯ ಸಿಡಿಲಿಗೂ ಇದೇ ಮಾತು. ಮಿಂಚು ಗುಡುಗಿನ ಸಂಜೆ ತಂತಿಯಲ್ಲಿ ಬಂದ ವಿದ್ಯುತ್ತು ಕಂಪ್ಯೂಟರನ್ನು ಸುಟ್ಟರೆ ಅದಕ್ಕೆ ಜೋಡಿಸಿದ ಡಿಸ್ಕೂ ಸುಟ್ಟೀತು.

ಒಂದೇ ಪ್ರತಿಯ ಮೇಲೆ ದಿನಾ ಬರೆಯಬೇಡಿ. ಹಾಳಾದ ಫೈಲು ಒಳ್ಳೆಯ ಪ್ರತಿಯನ್ನು ಅಳಿಸಿಹಾಕಬಹುದು. ವಾರದ ದಿನಗಳ ಹೆಸರಿನಲ್ಲಿ ಬೇರೆ ಬೇರೆ ಫೋಲ್ಡರ್ ಇರಲಿ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಜಿಎಸ್‌ಟಿ ನೋಂದಣಿ ಇರುವವರಿಗೆ ಇದು ಕಾನೂನಿನ ವಿಷಯವೂ ಹೌದು. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಬೇಕು.

2. ಕಳ್ಳ ಪ್ರತಿಯ ತಂತ್ರಾಂಶ ಬೇಡ

ಹಣ ಉಳಿಯಿತೆಂದು ಅನೇಕರು 'ಕ್ರ್ಯಾಕ್' ಮಾಡಿದ ತಂತ್ರಾಂಶ ಹಾಕಿಸಿಕೊಳ್ಳುತ್ತಾರೆ. ಹಾಕುವಾಗ 'ಮೊದಲು ಆ್ಯಂಟಿವೈರಸ್ ಆಫ್ ಮಾಡಿ' ಎಂಬ ಸೂಚನೆ ಬರುವುದುಂಟು. ಮನೆಗೆ ಬಂದ ಅಪರಿಚಿತ 'ಮೊದಲು ನಾಯಿಯನ್ನು ಕಟ್ಟಿಹಾಕಿ' ಎಂದ ಹಾಗೆ ಇದು. ಅವನ ಜೊತೆ ಇನ್ನು ಯಾರು ಒಳಬರುತ್ತಾರೋ ಗೊತ್ತಾಗದು.

ಹಣ ಕೊಡಲು ಕಷ್ಟವಾದರೆ ನ್ಯಾಯವಾದ ದಾರಿಗಳಿವೆ. ಪತ್ರ ಬರೆಯಲು, ಪಟ್ಟಿ ತಯಾರಿಸಲು 'ಲಿಬ್ರೆ ಆಫೀಸ್' ಉಚಿತವಾಗಿ ಸಿಗುತ್ತದೆ. ಕನ್ನಡ ಟೈಪಿಸಲು ವಿಂಡೋಸ್‌ನಲ್ಲೇ ಕೀಲಿಮಣೆ ಇದೆ, 'ನುಡಿ' ಕೂಡ ಉಚಿತ. ಯಾವುದನ್ನೇ ಆಗಲಿ ತಯಾರಿಸಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

3. ಅಪ್‌ಡೇಟನ್ನು ಮುಂದೂಡಬೇಡಿ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರ ಓಡುತ್ತದೆ ನಿಜ, ಆದರೆ ಹೊಸ ಬಿರುಕುಗಳಿಗೆ ತೇಪೆ ಸಿಗುವುದಿಲ್ಲ. ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳಲ್ಲಿ ನಡೆಯದು. ಅಂಥ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸದೆ ಬಳಸಿ ಅಥವಾ ತಿಳಿದವರ ಸಹಾಯದಿಂದ ಉಚಿತವಾದ ಲಿನಕ್ಸ್ ಹಾಕಿಸಿ. ನಿಮ್ಮ ಲೆಕ್ಕದ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಈಗಿನ ವಿಂಡೋಸ್ ಜೊತೆಗೇ ಬರುವ 'ಡಿಫೆಂಡರ್' ಸಣ್ಣ ಅಂಗಡಿಗೆ ಸಾಕಷ್ಟು ಒಳ್ಳೆಯ ಕಾವಲುಗಾರ. ಅದನ್ನು ಆಫ್ ಮಾಡದಿದ್ದರಾಯಿತು.

4. ಬಂದ ಫೈಲಿನ ಪೂರ್ತಿ ಹೆಸರು ನೋಡಿ

ಮಿಂಚಂಚೆಯಲ್ಲಿಯೋ ವಾಟ್ಸಾಪ್‌ನಲ್ಲಿಯೋ 'ಬಿಲ್', 'ಆರ್ಡರ್', 'ಆಮಂತ್ರಣ' ಎಂದು ಫೈಲು ಬರುತ್ತದೆ. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ಭಾಗವನ್ನು ಮರೆಮಾಡುವುದರಿಂದ ಪಿಡಿಎಫ್‌ನಂತೆ ಕಾಣುವುದು ಒಳಗೆ 'ಇಎಕ್ಸ್‌ಇ' ಆಗಿರಬಹುದು. ಫೋಲ್ಡರಿನ 'ವ್ಯೂ' ಪಟ್ಟಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆಯ್ದುಕೊಂಡರೆ ನಿಜ ರೂಪ ಕಾಣುತ್ತದೆ. ಮೊಬೈಲಿನಲ್ಲಿ 'ಎಪಿಕೆ' ಎಂದು ಕೊನೆಯಾಗುವ ಫೈಲನ್ನು ತೆರೆಯಲೇಬೇಡಿ. ಸಂದೇಹ ಬಂದರೆ ಕಳುಹಿಸಿದವರಿಗೆ ಒಂದು ಫೋನ್ ಮಾಡಿ.

5. ಪಾಸ್‌ವರ್ಡ್, ಪಿನ್

ಬ್ಯಾಂಕಿನ ಪಾಸ್‌ವರ್ಡ್ ಬೇರೆ, ಮಿಂಚಂಚೆಯದು ಬೇರೆ ಇರಲಿ. ಎರಡು ಹಂತದ ದೃಢೀಕರಣ ಇರುವಲ್ಲೆಲ್ಲ ಹಾಕಿಕೊಳ್ಳಿ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ತಿಳಿಯಿರಿ. ರಿಪೇರಿಯ ನೆಪದಲ್ಲಿ ಫೋನ್ ಮಾಡಿದ ಅಪರಿಚಿತರಿಗೆ ನಿಮ್ಮ ಪರದೆಯನ್ನು ಒಪ್ಪಿಸಬೇಡಿ.

ಅನಾಹುತ ಆಗಿಯೇ ಹೋದರೆ?

ಮೊದಲು ನೆಟ್ ತಂತಿ ಕಳಚಿ, ವೈಫೈ ಆಫ್ ಮಾಡಿ. ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಬೇಡಿ. ಕೇಳಿದ ಹಣ ಕೊಟ್ಟರೂ ಫೈಲು ಮರಳಿ ಬರುತ್ತದೆಂಬ ಖಾತ್ರಿಯಿಲ್ಲ. ಯುರೋಪೋಲ್, ಡಚ್ ಪೊಲೀಸರು ಮೊದಲಾದವರು 2016ರಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ಜಾಲತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮೋಸ ಹೋದೆವೆಂಬ ನಾಚಿಕೆಯಿಂದ ಸುಮ್ಮನಿದ್ದರೆ ಲಾಭ ಕಳ್ಳನಿಗೆ.

ಎಲ್ಲವನ್ನೂ ಇಂದೇ ಮಾಡಲು ಆಗಲಿಕ್ಕಿಲ್ಲ. ಹಾಗಿದ್ದರೆ ಒಂದನ್ನಾದರೂ ಮಾಡಿ. ಈ ಸಂಜೆ ಅಂಗಡಿ ಮುಚ್ಚುವ ಮೊದಲು ಲೆಕ್ಕದ ಒಂದು ಪ್ರತಿ ತೆಗೆದು, ಪೆನ್‌ಡ್ರೈವನ್ನು ಕಳಚಿ, ಮನೆಗೆ ಕೊಂಡೊಯ್ದು ಕಪಾಟಿನಲ್ಲಿಡಿ. ಹಿರಿಯರು ಆ ರಟ್ಟಿನ ಪುಸ್ತಕಕ್ಕೆ ಮಾಡುತ್ತಿದ್ದುದೂ ಇದನ್ನೇ.